ಪಕ್ಕದ ಎಲೆಯ ಕೌನ್ಸೆಲರ್

ರೀ, ನಿಜ ಹೇಳಿ. ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿರೋರು ಕೌನ್ಸೆಲರ್ ಅಂತ ಗೊತ್ತಾದ ಕೂಡ್ಲೇ ಏನ್ ಮಾಡ್ತೀರಿ? ಹೋಳಿಗೆ ಬರೋ ತನಕ ಕೂಡ ತಡೆಯಲ್ಲ. ‘ನಮ್ಮ ಪರಿಚಯದವರ ಮಗಳು ಮೇಡಂ, ಪಿಯುಸಿ, ಮೂರು ಹೊತ್ತೂ ಮೊಬೈಲು...’ ಅಂತ ಶುರು ಹಚ್ಕೋತೀರಿ. (ಆ ಪರಿಚಯದವರು ಯಾರು ಅಂತ ಬಡಿಸೋನಿಗೂ ಗೊತ್ತು ಬಿಡಿ.)

ಪಾಪ, ಆಯಮ್ಮ ಒಂದಿನನಾದ್ರೂ ಗಂಡ ಮಕ್ಕಳ ಜೊತೆ ನಗ್ತಾ ಉಣ್ಣೋಣ ಅಂತ ಬಂದಿರ್ತಾರೆ. ಸೆಷನ್ ಅಂದ್ರೆ ಸುಮಾರು 50 ನಿಮಿಷ. ಪಾಯಸದಿಂದ ಮಜ್ಜಿಗೆ ತನಕ ನೀವದನ್ನ ಫ್ರೀಯಾಗಿ ಮುಗಿಸಿಬಿಟ್ರಿ! ಅದೇ ಅವರ ಕ್ಲಿನಿಕ್ ಮೆಟ್ಲು ಹತ್ತಿ ಅಂದ್ರೆ? ‘ಅಯ್ಯೋ, ನಮಗೇನ್ ತಲೆ ಕೆಟ್ಟಿದ್ಯಾ?’

ಈಗ ಆಯಮ್ಮನ ಮನೆ ಒಳಗೂ ಇಣುಕೋಣ ಬನ್ನಿ. (ನಾಚ್ಕೋಬೇಡಿ, ಆಸೆ ನಿಮಗೂ ಇದೆ.) ನೀವಾದ್ರೆ ಚಪ್ಪಲಿ ಬಿಡೋ ಮುಂಚೆನೇ ಬಾಸ್‌ಗೆ ಮಂಗಳಾರತಿ ಎತ್ತುತೀರಿ. ಅವರಿಗೆ ಆ ಭಾಗ್ಯ ಇಲ್ಲ. ಕ್ಲೈಂಟ್ ಹೇಳಿದ್ದನ್ನ ಗುಟ್ಟಾಗಿಡಬೇಕು; 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಹಾಗೇ ಇದೆ. ಗಂಡ ‘ಇವತ್ತೇನಾಯ್ತು?’ ಅಂದ್ರೆ ‘ಏನಿಲ್ಲ’. ಅಷ್ಟರಲ್ಲಿ ಅಡುಗೆಮನೇಲಿ ಪಾತ್ರೆ ಧಡಾರ್ ಅನ್ನುತ್ತೆ. ಅತ್ತೆ ಗೊಣಗ್ತಾರೆ: ‘ಊರೋರಿಗೆಲ್ಲ ಸಮಾಧಾನ ಹೇಳ್ತಾಳೆ, ಮನೆಗೆ ಬಂದ್ರೆ ಮುಖ ಗಂಟು.’ ಮಗ ಇನ್ನೂ ಚಾಲಾಕಿ: ‘ಅಮ್ಮಾ, ನೀನು ಆಕ್ಟಿವ್ ಲಿಸನಿಂಗ್ ಮಾಡ್ತಿಲ್ಲ!’

ಮನೆಯವರಿಗೂ ಅವರೇ ಕೌನ್ಸೆಲಿಂಗ್ ಮಾಡ್ಲಿ, ದುಡ್ಡುಳಿಯುತ್ತೆ ಅಂತೀರಾ? ಹಾಗೆಲ್ಲ ಮಾಡೋ ಹಾಗಿಲ್ಲ ಸ್ವಾಮಿ! ಸ್ವಂತದವರನ್ನ ಕ್ಲೈಂಟ್ ಮಾಡ್ಕೋಬಾರ್ದು ಅನ್ನೋದು ಆ ವೃತ್ತಿಯ ಕಟ್ಟಳೆ. ಕೇಸಿನ ಗೋಜಲು ಬಿಡಿಸಿಕೊಳ್ಳೋಕೆ ಅವರೂ ಸೀನಿಯರ್ ಒಬ್ಬರ ಮುಂದೆ ಕೂರ್ತಾರೆ. ಸೂಪರ್‌ವಿಷನ್ ಅಂತ ಅದಕ್ಕೆ. ನೀವು ಹಂಗೆ ಯಾರ ಮುಂದಾದ್ರೂ ಕೂತಿದ್ದುಂಟಾ? (ಕ್ಷೌರದಂಗಡಿ ಲೆಕ್ಕಕ್ಕಿಲ್ಲ.)

ಹಾಂ, ರಾತ್ರಿ ಹನ್ನೊಂದಕ್ಕೆ ‘ಮೇಡಂ, ಒಂದೇ ನಿಮಿಷ’ ಅಂತ ವಾಟ್ಸಾಪ್ ಕಳ್ಸೋರೂ ನೀವೇ ಅಲ್ವಾ? (ಬ್ಲೂ ಟಿಕ್ ಬಿದ್ರೂ ಉತ್ತರ ಇಲ್ಲ ಅಂತ ಮುನಿಸು ಬೇರೆ.) ಆಯಮ್ಮ ಆಗಷ್ಟೇ ಮಗನಿಗೆ ಕತೆ ಹೇಳಿ ಮಲಗಿಸ್ತಿರ್ತಾರೆ ಕಣ್ರೀ. ನಿಮ್ಮಂಥ ಅರ್ಧರಾತ್ರಿ ಗಿರಾಕಿಗಳಿಗೆ ಅಂತಾನೇ 2022ರಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಹಗಲೂ ರಾತ್ರಿ, ಬಿಟ್ಟಿ, ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶಕ್ಕೆ ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸೇ. ಸಹಾಯವಾಣೀಲಿ ಪಾಳಿ ಮೇಲೆ ಕೂತಿರೋರಿಗೆ ಆ ಹೊತ್ತು ಡ್ಯೂಟಿ.

ನಂಬರ್ ಸೇವ್ ಮಾಡ್ಕೊಂಡ್ರಾ? ಯಾವ ಹೆಸರಲ್ಲಿ? ‘ಪ್ಲಂಬರ್ 2’ ಅಂತ ತಾನೇ?