ಬರ್ತಿನ ಬಾಕಿ

ಬೆಳಿಗ್ಗೆ ದಾಸವಾಳಕ್ಕೆ ನೀರು ಹಾಕುತ್ತಿದ್ದೆ. ಬೇಲಿಯಾಚೆ ಮೇಷ್ಟ್ರು ಆಟೋ ಇಳಿದರು. ಹುಬ್ಬಳ್ಳಿಯ ಮಗಳ ಮನೆಯಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಮೈಸೂರಿಗೆ ಬಂದಿದ್ದರು.

“ನಿದ್ದೆ ಆಯ್ತಾ ಮೇಷ್ಟ್ರೇ?”

“ಚೆನ್ನಾಗೇ ಆಯ್ತು ಕಣಮ್ಮ. ಇದನ್ನ ಓದಿದ ಮೇಲೆ ಸಂಕೋಚ ಆಯ್ತು,” ಎಂದು ಟಿಕೆಟ್ ಚಾಚಿದರು. ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ. 57 ಮಾತ್ರ ರೈಲ್ವೆಗೆ ವಾಪಸು ಬರುತ್ತದೆ ಎಂಬ ಸಾಲು, 2016ರಿಂದ ಅಚ್ಚಾಗುತ್ತಿರುವುದು. “ಇನ್ನೊಬ್ಬರ ದುಡ್ಡಲ್ಲಿ ಮಲಗಿ ಬಂದ ಹಾಗಾಯ್ತಲ್ಲ?”

“ಈಚಿನ ಲೆಕ್ಕ ಇನ್ನೂ ಕಡಿಮೆ. 100 ರೂಪಾಯಿ ಖರ್ಚಿಗೆ 54 ರೂಪಾಯಿ ತಗೋತೀವಿ ಅಂತ ರೈಲ್ವೆ ಸಚಿವರು ಸಂಸತ್ತಿನಲ್ಲೇ ಹೇಳಿದ್ದಾರೆ. ಲೋಕಲ್ ರೈಲು, ಪ್ಯಾಸೆಂಜರ್ ಎಲ್ಲಾ ಸೇರಿ 2022–23ರಲ್ಲಿ 56,993 ಕೋಟಿ ಸಬ್ಸಿಡಿ.”

ರಾತ್ರಿ ರೈಲಿನ ಕಷ್ಟವೇ ಬೇರೆ. ಹಳೆಯ ಮಾದರಿಯ ಕೂರುವ ಡಬ್ಬಿಯಲ್ಲಿ 108 ಜನ ಹಿಡಿಸಿದರೆ, ಅದೇ ಉದ್ದದ ಸ್ಲೀಪರ್‌ನಲ್ಲಿ 72 ಬರ್ತು. ಕೂರುವ ಸೀಟಿನಿಂದ ಒಬ್ಬರು ಎದ್ದರೆ ಮುಂದಿನ ಊರಿನವರು ಕೂರುತ್ತಾರೆ. ಮಲಗಿದವರನ್ನು ನಡುರಾತ್ರಿ ಎಬ್ಬಿಸಲಾಗುವುದಿಲ್ಲ. ಗುಡಿಸಿ, ತೊಳೆದು, ನೀರು ತುಂಬಿಸಿದ ಮೇಲೂ ಎಷ್ಟೋ ರೈಲು ಹಗಲೆಲ್ಲ ಯಾರ್ಡಿನಲ್ಲೇ ನಿಂತಿರುತ್ತವೆ.

“ಹಾಗಾದ್ರೆ ಬಾಕಿ ಯಾರು ಕಟ್ಟೋದು?”

“ಬಳ್ಳಾರಿ ದಾಟಿ ಬಂದಿರಲ್ಲ, ಆ ಕಡೆ ಅದಿರು ಹೊರುವ ಗೂಡ್ಸ್ ಗಾಡಿಗಳು ಓಡಾಡ್ತಾವಲ್ಲ, ಅವೇ. ಕಲ್ಲಿದ್ದಲು, ಸಿಮೆಂಟು, ಅದಿರಿನ ಸಾಗಣೆಯಲ್ಲಿ ಉಳಿದ ದುಡ್ಡಿನಿಂದ ನಮ್ಮ ಟಿಕೆಟ್ಟಿನ ನಷ್ಟ ತುಂಬಿಸ್ತಾರೆ. ರಾಯಚೂರಿನ ವಿದ್ಯುತ್ ಸ್ಥಾವರಕ್ಕೂ ಕಲ್ಲಿದ್ದಲು ರೈಲಿನಲ್ಲೇ ಬರಬೇಕು. ಆ ಬಾಡಿಗೆ ಕರೆಂಟಿನ ಬೆಲೆಯಲ್ಲಿ ಸೇರುತ್ತೆ. ರೈಲೇ ಹತ್ತದವರ ಮನೆಗೂ ಬಿಲ್ಲು ಬರುತ್ತಲ್ಲ.”

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನನ್ನ ಎದುರಿನ ಬರ್ತಲ್ಲಿ ಕೊಪ್ಪಳದ ಕಡೆಯ ಗಂಡ ಹೆಂಡತಿ ಇದ್ರು, ಗಾರೆ ಕೆಲಸದವರು. ಮಗೂನ ಮಧ್ಯೆ ಮಲಗಿಸಿಕೊಂಡಿದ್ರು. ಬೆಂಗಳೂರಲ್ಲಿ ಇಳಿದು ನೇರ ಕೆಲಸಕ್ಕೆ ಹೊರಟ್ರು. ಅವರಿಗೆ ಪೂರ್ತಿ ದರ ಕೇಳೋಕಾಗುತ್ತಾ?”

ನನ್ನ ಮಾತೂ ಅದೇ. ಹಗಲು ಪ್ರಯಾಣವಾದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಊರು ತಲುಪಿದ ಮೇಲೆ ತಂಗಲು ಜಾಗ ಬೇಕು. ಒಂದು ಬರ್ತು ಅವೆರಡನ್ನೂ ಉಳಿಸುತ್ತದೆ. ಆಸ್ಪತ್ರೆಗೆ, ಪರೀಕ್ಷೆಗೆ, ಇಂಟರ್‌ವ್ಯೂಗೆ ಬರುವವರ ಕಥೆಯೂ ಇದೇ. ಇಂಥದಕ್ಕೆ ಸಾರ್ವಜನಿಕರ ದುಡ್ಡು ಹೋಗಲೇಬೇಕು. 2025ರ ಜುಲೈನಲ್ಲಿ ಮೇಲ್, ಎಕ್ಸ್‌ಪ್ರೆಸ್‌ಗಳಲ್ಲಿ ಸ್ಲೀಪರ್‌ಗೆ ಕಿಲೋಮೀಟರಿಗೆ 1 ಪೈಸೆ, ಎಸಿಗೆ 2 ಪೈಸೆ ಏರಿಸಿದರು. ಕೊಡಬಲ್ಲವರು ಹೆಚ್ಚು ಕೊಡುವ ಆ ದಾರಿ ಸರಿಯಾದದ್ದು.

ಆದರೆ ಬಾಕಿಯನ್ನು ಗೂಡ್ಸ್ ಗಾಡಿಯ ಬೆನ್ನಿಗೆ ಕಟ್ಟಬಾರದು. 2017ರಿಂದ ರೈಲ್ವೆ ಬಜೆಟ್ಟು ದೇಶದ ಬಜೆಟ್ಟಿನಲ್ಲೇ ಸೇರಿದೆ. ಸ್ಲೀಪರ್‌ಗೆ ಇಷ್ಟು, ಲೋಕಲ್‌ಗೆ ಇಷ್ಟು ಎಂದು ಅಲ್ಲೇ ಬಿಡಿಸಿ ಬರೆದು, ತೆರಿಗೆಯ ದುಡ್ಡಿನಿಂದ ಕೊಡಲಿ. ಆಗ ಯಾರಿಗೆ ಎಷ್ಟು ಸಲ್ಲುತ್ತಿದೆ ಎಂದು ಎಲ್ಲರೂ ಕೇಳಬಹುದು. 2020ರ ಮಾರ್ಚ್‌ನಲ್ಲಿ ನಿಂತ ಹಿರಿಯರ ರಿಯಾಯಿತಿಯನ್ನೂ ಅಲ್ಲೇ ಚರ್ಚಿಸಬಹುದು.

“ಹಾಗಾದ್ರೆ ಟಿಕೆಟ್ ಮೇಲೆ ಏನು ಬರೀಬೇಕಮ್ಮ?”

“ಉಳಿದದ್ದನ್ನ ಇಂಥ ಖಾತೆಯಿಂದ ದೇಶ ಕೊಟ್ಟಿದೆ ಅಂತ.”

ಮೇಷ್ಟ್ರು ಟಿಕೆಟ್ಟನ್ನು ನೀಟಾಗಿ ಮಡಿಸಿ ಜೇಬಿಗಿಟ್ಟುಕೊಂಡರು. “ಹಾಗೆ ಬರೆದಿದ್ರೆ ಸಂಕೋಚ ಆಗ್ತಿರಲಿಲ್ಲ ಕಣಮ್ಮ. ಆ ಮಗು ಮಲಗಿದ್ದಕ್ಕೆ ನಾನೂ ಕೊಟ್ಟಿದ್ದೀನಿ ಅಂತ ಅನ್ನಿಸ್ತಿತ್ತು.”