ಆಕೆ ಸುಮ್ಮನಿದ್ದರೆ ಸುಖವಾಗಿದ್ದಾಳೆಂದಲ್ಲ

ನಮ್ಮೂರು ಚಚಡಿಯ ಅಣ್ಣಂದಿರೇ, ಕಾಕಂದಿರೇ,

ಐವತ್ತರ ಹತ್ತಿರ ಬಂದಿರುವ ನಿಮ್ಮ ಮನೆಯಾಕೆಯ ಸಲುವಾಗಿ ಬರೆಯುತ್ತಿದ್ದೇನೆ. ಮಗಳು ಗಂಡನ ಮನೆ ಸೇರಿದಳು, ಮಗ ದುಡಿಯಲು ಬೆಳಗಾವಿಗೆ ಹೋದ. ಮನೆಯಲ್ಲಿ ಉಳಿದವರು ನೀವಿಬ್ಬರು ಮತ್ತು ಹಾಸಿಗೆ ಹಿಡಿದ ನಿಮ್ಮ ಅವ್ವ. ಆಕೆ ಈಗಲೂ ನಸುಕಿಗೆ ಎದ್ದು ರೊಟ್ಟಿ ಬಡಿಯುತ್ತಾಳೆ, ಹತ್ತಿ ಬಿಡಿಸಲು ಹೊಲಕ್ಕೆ ಹೋಗುತ್ತಾಳೆ. ರಾತ್ರಿ ಮಾತ್ರ ನಿದ್ದೆ ಹತ್ತುವುದಿಲ್ಲ. ಮೈ ಒಮ್ಮೆಲೇ ಕಾದು ಬೆವರುತ್ತದೆ, ಸಣ್ಣ ಮಾತಿಗೂ ಸಿಟ್ಟು, ಕಾರಣವಿಲ್ಲದೆ ಕಣ್ಣೀರು. "ಇತ್ತಿತ್ತಲಾಗೆ ಆಕಿ ತಲಿ ಸರಿಯಿಲ್ಲ" ಎಂದು ನೀವು ಎದ್ದು ಕಟ್ಟೆಗೆ ಹೋಗುತ್ತೀರಿ.

ಆಕೆಯ ತಲೆ ಸರಿಯಾಗಿಯೇ ಇದೆ. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಸರಾಸರಿ 46–47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೂ ಕೆಲವು ವರ್ಷ ಮೊದಲೇ ಈಸ್ಟ್ರೊಜೆನ್ ಎಂಬ ಹಾರ್ಮೋನು ಏರಿಳಿದು ನಿದ್ದೆ, ಮನಸ್ಸು ಎರಡನ್ನೂ ಕದಡುತ್ತದೆ. ಗರ್ಭಚೀಲದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗಂತೂ ಇದೆಲ್ಲ ಒಮ್ಮೆಗೇ ಬಂದೆರಗುತ್ತದೆ. ಈ ತ್ರಾಸಿಗೆ ಔಷಧವಿದೆ. "ಊಟಕ್ಕ ನೀಡು" ಎಂಬುದರಾಚೆ ಮಾತೇ ಉಳಿಯದ ದಾಂಪತ್ಯಕ್ಕೆ ಯಾವ ಗುಳಿಗೆಯೂ ಇಲ್ಲ.

ನಮ್ಮದು ಹೆಣ್ಣಿನ ದುಃಖ ಅರಿಯದ ಸೀಮೆಯಲ್ಲ. ಸವದತ್ತಿ ಗುಡ್ಡದಲ್ಲಿ ಹೊಸ್ತಿಲ ಹುಣ್ಣಿಮೆಗೆ ಯಲ್ಲಮ್ಮ ಮುತ್ತೈದೆತನ ಕಳೆದುಕೊಳ್ಳುತ್ತಾಳೆ, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುತ್ತಾಳೆ. ದೇವಿಯ ಸಂಕಟಕ್ಕೆ ಚಕ್ಕಡಿ ಹೂಡಿಕೊಂಡು ಹೋಗುವ ನಾವು, ಮನೆಯಾಕೆಯ ಸಂಕಟ ಕೇಳಲು ಅಡುಗೆಮನೆಯವರೆಗೂ ಹೋಗುವುದಿಲ್ಲ. 1816ರಲ್ಲಿ ಗಂಡ ಮಲ್ಲಸರ್ಜನನ್ನು ಕಳೆದುಕೊಂಡ ಇದೇ ಸೀಮೆಯ ರಾಣಿ ಕಿತ್ತೂರು ಚೆನ್ನಮ್ಮ, 1824ರಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸೈನ್ಯವನ್ನು ಸೋಲಿಸಿದಾಗ 46ರ ಆಸುಪಾಸಿನಲ್ಲಿದ್ದಳು. ಬೈಲಹೊಂಗಲದಲ್ಲಿ ಆಕೆಯ ಸಮಾಧಿಗೆ ಕೈಮುಗಿಯುವವರು, ಅದೇ ವಯಸ್ಸಿನ ಹೆಂಡತಿಗೆ "ಇನ್ನೇನೈತಿ ನಿಂದು" ಎನ್ನಬಾರದು.

ನಾನು ಕೇಳುವುದಿಷ್ಟು. ರಾತ್ರಿ ಊಟವಾದ ಮೇಲೆ ಆಕೆಯ ಬಳಿ ಕುಳಿತು ಕೇಳಿ, ನಡುವೆ ಬುದ್ಧಿ ಹೇಳಬೇಡಿ. ಅವ್ವನ ಆರೈಕೆಯಲ್ಲಿ ನೀವೂ ಕೈಹಾಕಿ. ಎರಡು ವಾರ ದಾಟಿದರೂ ನಿದ್ದೆ, ಹಸಿವು, ಬದುಕಿನ ಆಸೆ ಮರಳದಿದ್ದರೆ ಸವದತ್ತಿಯ ಸರ್ಕಾರಿ ಆಸ್ಪತ್ರೆಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಕರೆದೊಯ್ಯಿರಿ. ಅದಕ್ಕೂ ಮೊದಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಈ ಸೇವೆ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋಗುವುದಾದರೆ, 2023ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಆಕೆಯ ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ನಿಮ್ಮದೊಂದು ಟಿಕೆಟ್ ತೆಗೆಸಿ, ಜೊತೆಗೆ ಹೋಗಿ.

ಇಂತಿ,
ನಿಮ್ಮೂರ ಮಗಳು