ಸರ್ವರಿನ ಪೌತಿ ಖಾತೆ

ಸೆಪ್ಟೆಂಬರ್ 30ಕ್ಕೆ ಟ್ಯಾಕ್ಸ್ ಆಡಿಟ್ ವರದಿಗಳ ಗಡುವು. ಅದಕ್ಕೆ ಮುಂಚಿನ ಮಂಗಳವಾರ ನಮ್ಮ ಆಡಿಟರ್ ಆಫೀಸಿನ ಡೊಮೇನ್ ಕಂಟ್ರೋಲರ್, ಅಂದರೆ ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರ್, ತೀರಿಕೊಂಡಿತು. ಡಿಎನ್‌ಎಸ್ ಕೂಡ ಅದರೊಳಗೇ ಇದ್ದದ್ದರಿಂದ ಇಂಟರ್ನೆಟ್ಟೂ ಹೋಯಿತು. ಆದರೂ ಸಾವನ್ನು ಯಾರೂ ನಂಬಲಿಲ್ಲ. ಕೊನೆಗೆ ಬಂದುಹೋದ 10 ಜನರ ಗುರುತನ್ನು ಪ್ರತಿ ವಿಂಡೋಸ್ ಯಂತ್ರವೂ ತನ್ನಲ್ಲೇ ಇಟ್ಟುಕೊಂಡಿರುತ್ತದಲ್ಲ! "ಲಾಗಿನ್ ಆಗ್ತಿದೆಯಲ್ರೀ, ವೈರ್ ಲೂಸಾಗಿರ್ಬೇಕು" ಎಂದರು ಆಡಿಟರ್ ಸಾರ್. ಹಾರ್ಡ್‌ವೇರ್ ಹುಡುಗ "ರೀಸ್ಟಾರ್ಟ್ ಮಾಡಿದ್ರಾ?" ಎಂದು ಕೇಳಿ ಫೋನ್ ಇಟ್ಟ. ಇವನಿಗೆ ವರ್ಷ ವರ್ಷ ಎಎಂಸಿ ದುಡ್ಡು ಬೇರೆ ಕೊಡುತ್ತೇವೆ. ಟ್ಯಾಲಿ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಉತ್ತರಕ್ರಿಯೆ ನನ್ನ ತಲೆಗೆ ಬಂತು.

ಪುಣ್ಯಕ್ಕೆ ವಾರಸುದಾರನಿದ್ದ: ನೀರಿನ ಕ್ಯಾನಿನ ಪಕ್ಕ ಧೂಳು ಕುಡಿಯುತ್ತ ಕೂತಿದ್ದ ಎರಡನೇ ಕಂಟ್ರೋಲರ್. ಎಲ್ಲರ ಹೆಸರು, ಪಾಸ್‌ವರ್ಡು ಅವನ ಬಳಿಯೂ ಇದ್ದವು. ಇಲ್ಲದ್ದು ಯಜಮಾನಿಕೆ. ಐದು ಅಧಿಕಾರಗಳಿವೆ, ಒಂದೊಂದೂ ಒಂದೇ ಯಂತ್ರದ ಹೆಸರಿನಲ್ಲಿರಬೇಕು. ಹಳಬ ಬದುಕಿದ್ದಾಗಲೇ ಬರೆದುಕೊಟ್ಟರೆ ಟ್ರಾನ್ಸ್‌ಫರ್. ಸತ್ತ ಮೇಲಾದರೆ ಸೀಜ್, ಅಂದರೆ ಪೌತಿ ಖಾತೆ.

ನಾಲ್ಕೂವರೆಗೆ ರಾಹುಕಾಲ ಕಳೆಯಿತು. ಎನ್‌ಟಿಡಿಎಸ್‌ಯುಟಿಲ್‌ನ ಕಪ್ಪು ಪರದೆ ತೆರೆದು ಸ್ಕೀಮಾ ಮಾಸ್ಟರ್ ಸೀಜ್ ಮಾಡು ಎಂದೆ. ಖಚಿತವೇ ಎಂದಿತು. "ಖಚಿತ" ಎಂದೆ, ಬಾಯಿಬಿಟ್ಟೇ. ಆಗ ಅದು ಮಾಡಿದ್ದೇನು ಗೊತ್ತೇ? ಕಿತ್ತುಕೊಳ್ಳುವ ಮುಂಚೆ ಸತ್ತವನನ್ನೇ ಒಂದು ಮಾತು ಕೇಳಿತು: ತಾವಾಗಿ ಬಿಟ್ಟುಕೊಡುತ್ತೀರಾ? ನಾನು ಉಸಿರು ಬಿಗಿಹಿಡಿದು ಮೂಲೆಯ ಡಬ್ಬ ನೋಡಿದೆ. ಉತ್ತರವಿಲ್ಲ. ದೋಷಸಂದೇಶಗಳು ಸಾಲಾಗಿ ಉದುರಿದ ಮೇಲೇ ಖಾತೆ ಬದಲಾದದ್ದು. ಎರಡನೆಯದಕ್ಕೂ ಅದೇ ಮರ್ಯಾದೆ. ಮೂರನೆಯದು ಆರ್‌ಐಡಿ, ಹೊಸಬರಿಗೆ ಕೊಡುವ ನಂಬರುಗಳನ್ನು 500ರ ಕಟ್ಟು ಕಟ್ಟಿ ಹಂಚುವವನು. ಅಂಥವನನ್ನು ಕೂತು ಕೇಳಲಾದೀತೇ? ಎದ್ದು ನಿಂತು, ಡಬ್ಬದತ್ತ ತಿರುಗಿ, "ಬಿಟ್ಟುಕೊಡ್ತೀರಾ?" ಎಂದೆ. ನಾಲ್ಕನೆಯದು ಪಿಡಿಸಿ, ಎಲ್ಲರ ಗಡಿಯಾರಕ್ಕೂ ಗುರು. ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಡೊಮೇನಿನ ಬಾಗಿಲು ತೆರೆಯುವುದಿಲ್ಲ. ನಮ್ಮ ಆಫೀಸಿನಲ್ಲಿ ಆ ಶಿಸ್ತಿದ್ದದ್ದು ಅದೊಂದಕ್ಕೇ, ಕೈಮುಗಿದೆ. ಐದನೆಯದು ಇನ್‌ಫ್ರಾಸ್ಟ್ರಕ್ಚರ್ ಮಾಸ್ಟರ್. ಒಂದೇ ಡೊಮೇನಿನ ಸಂಸಾರದಲ್ಲಿ ಅದಕ್ಕೆ ಕೆಲಸವೇ ಇಲ್ಲ, ಆದರೆ ಹುದ್ದೆ ಖಾಲಿ ಇರುವಂತಿಲ್ಲ. ಅದನ್ನೂ ಕೇಳಿದೆ. "ಯಾರ ಹತ್ರ ಮಾತಾಡ್ತಿದ್ದೀರಿ?" ಎಂದರು ಹಿಂದಿನಿಂದ ಟೈಪಿಸ್ಟ್ ಮೇಡಂ.

ಐದಕ್ಕೂ ಸೇರಿ ಹಿಡಿದದ್ದು ಕಾಫಿ ಆರುವಷ್ಟು ಹೊತ್ತು. ಊರಿನ ನಮ್ಮ ಎರಡೆಕರೆಯ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ. ಅಪ್ಪ, ದೊಡ್ಡಪ್ಪ ಒಟ್ಟಿಗೆ ಕೂತು ಒಂದು ಅರ್ಜಿಗೆ ಸಹಿ ಹಾಕಲಿಲ್ಲ. ಈಗ ಅವರೂ ಇಲ್ಲ. ಬಿಟ್ಟುಕೊಡ್ತೀಯಾ ಎಂದು ಬದುಕಿದ್ದಾಗಲೇ ಒಬ್ಬರನ್ನೊಬ್ಬರು ಕೇಳಲಿಲ್ಲ.

ಇರಲಿ. ಸತ್ತವನ ಹೆಸರನ್ನು ಡೈರೆಕ್ಟರಿಯಿಂದ ಅಳಿಸಿ, ಎಲ್ಲ ಕಂಪ್ಯೂಟರಿಗೂ ಹೊಸ ಡಿಎನ್‌ಎಸ್ ವಿಳಾಸ ಕೊಟ್ಟು, ಹೊಸ ಸರ್ವರೊಂದನ್ನು ಜೊತೆಗೂಡಿಸಿ, ವರದಿ ಸಲ್ಲಿಸಿದ್ದೂ ಆಯಿತು. ಅಷ್ಟರಲ್ಲಿ ಹಾರ್ಡ್‌ವೇರ್ ಹುಡುಗ ಮದರ್‌ಬೋರ್ಡ್ ಬದಲಿಸಿ ಹಳೆಯದನ್ನು ಬದುಕಿಸಿ ತಂದ! "ಅದನ್ನೂ ಆನ್ ಮಾಡಿಡ್ರೀ, ಇರ್ಲಿ" ಎಂದರು ಸಾರ್.

"ಬೇಡಿ ಸಾರ್. ತಾನು ಸತ್ತಿದ್ದೇ ಅದಕ್ಕೆ ಗೊತ್ತಿಲ್ಲ. ಒಂದೇ ನಂಬರನ್ನ ಇದೂ ಒಬ್ಬರಿಗೆ ಕೊಡುತ್ತೆ, ಅದೂ ಒಬ್ಬರಿಗೆ ಕೊಡುತ್ತೆ."

ಡಿಎನ್‌ಎಸ್ ಎಂದರೆ ಆಕಳಿಸುವ ಸಾರ್ ಈ ಮಾತಿಗೆ ಕುರ್ಚಿಯಲ್ಲಿ ನೆಟ್ಟಗಾದರು. "ಒಂದೇ ಸೈಟು ಇಬ್ಬರಿಗೆ ರಿಜಿಸ್ಟ್ರೇಷನ್ನಾ!" ಎಂದು ಹೌಹಾರಿ, ತಾವೇ ಪವರ್ ಕಾರ್ಡ್ ಕಿತ್ತು ಬೀರುವಿಗೆ ಹಾಕಿ ಬೀಗ ಜಡಿದರು. ಬೀಗದ ಕೈ ಎಲ್ಲಿದೆಯೆಂದು ನನಗೂ ಹೇಳಿಲ್ಲ.